ಮಗ್ಗದ ಗದ್ದಲದಲ್ಲಿ ಕಲಿತ ಮಾತು

ನನ್ನ ಗಂಡ ಊರ ಮಂದಿಗೆಲ್ಲ ಧೈರ್ಯ ಹೇಳುವ ಮನುಷ್ಯ, ನಾನು ಊರ ಮಂದಿಗೆಲ್ಲ ಬೈಯುವ ಹೆಂಗಸು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ನಮ್ಮ ಸಂಸಾರ ಹೇಗೆ ನಡೆಯಿತೋ ದೇವರೇ ಬಲ್ಲ. ಇಚಲಕರಂಜಿಯಲ್ಲಿ ನಮ್ಮದೊಂದು ಸಣ್ಣ ಕ್ರೈಸ್ತ ಸಭೆ ಇದೆ, ಪತ್ರಾಸಿನ, ಅಂದರೆ ತಗಡಿನ, ಚಾವಣಿಯ ಪ್ರಾರ್ಥನಾಮಂದಿರ. ಆ ಸಭೆಯಲ್ಲಿ ಯಾರಿಗೆ ಜಡ್ಡು ಬಂದರೂ, ಯಾರ ಮಗಳು ಗಂಡನ ಮೇಲೆ ಸಿಟ್ಟಾಗಿ ತವರಿಗೆ ಬಂದು ಕೂತರೂ, ಮೊದಲು ಹೋಗಿ ಬಾಗಿಲು ಬಡಿಯುವವರು ಇವರು. "ಧೀರ ಕೊಟ್ಟು ಬರ್ತೀನಿ" ಎಂದು ಹೊರಡುವರು. ಧೈರ್ಯ ಹೇಳುವುದಕ್ಕೆ ನಮ್ಮ ಕಡೆ ಮರಾಠಿಯಿಂದ ಬಂದ ಮಾತು ಅದು. ವಾರವಿಡೀ ಯಡ್ರಾವದ ಶೆಡ್ಡಿನಲ್ಲಿ ಪಾವರ್‌ಲೂಮ್ ನಡೆಸಿ ಸೋತ ಕಾಲು, ರವಿವಾರ ಆರಾಧನೆ ಮುಗಿದದ್ದೇ ತಡ, ಯಾವುದೋ ಎಸ್.ಟಿ. ಬಸ್ಸು ಹತ್ತಿ ಎಲ್ಲಿಗೋ ಹೋಗುತ್ತಿತ್ತು.

"ನನಗ ಉಪದೇಶ ಬರೂದಿಲ್ಲ. ದಾನಾ ಮಾಡಾಕ ಕೈಯಾಗ ಏನೂ ಇಲ್ಲ. ಇನ್ನೊಬ್ಬರಿಗಿ 'ಏಳ' ಅನ್ನೂದೊಂದ ಬರ್ತದ. ನಮ್ಮ ಯೇಸುನೂ ಬಿದ್ದವರಿಗಿ ಅದನ್ನ ಅಂದಾನಲ್ಲ" ಎನ್ನುವರು.

"ಮನ್ಯಾಗ ಗ್ಯಾಸ್ ಮುಗದ ನಾಕ ದಿನಾ ಆತು. ಆ ಟಾಕಿಗೂ ಒಂದಿಷ್ಟ 'ಏಳ' ಅನ್ರಿ, ಎದ್ದ ನಿಂದರ್ತೈತೇನ ನೋಡೂಣು" ಎಂದು ನಾನು. ಅವರು ನಗುತ್ತ ಚಪ್ಪಲಿ ಮೆಟ್ಟುವರು.

ಆದರೆ ಅವರ ಧ್ವನಿಯ ವಿಷಯ ಮಾತ್ರ ನಾನೂ ಸುಳ್ಳು ಹೇಳಲಾರೆ. ದಪ್ಪ ಧ್ವನಿ, ಬೆಲ್ಲದ ಪಾಕದ ಹಾಗೆ. ಸಭೆಯಲ್ಲಿ ಹಾಡು ಎತ್ತಿಕೊಡುವವರು ಅವರೇ. ಆ ಧ್ವನಿಯಲ್ಲಿ ಅವರು "ಕಾಳಜಿ ಕರೂ ನಕಾ", ಚಿಂತೆ ಮಾಡಬೇಡ, ಎಂದರೆ ಎಂಥ ಹೆದರಿದ ಮನುಷ್ಯನೂ ಒಂದು ಗುಟುಕು ನೀರು ಕುಡಿದು ಕೂತುಕೊಳ್ಳುತ್ತಿದ್ದ. ಮರಾಠಿಯವರಿಗೆ ಮರಾಠಿಯಲ್ಲಿ, ನಮ್ಮಂಥವರಿಗೆ ಕನ್ನಡದಲ್ಲಿ, ಬಿಹಾರದಿಂದ ಬಂದವರಿಗೆ ತಮ್ಮ ಮುರುಕು ಹಿಂದಿಯಲ್ಲಿ ಅದನ್ನೇ ಹೇಳುತ್ತಿದ್ದರು.

ನಾವು ಒಬ್ಬರಿಗೊಬ್ಬರು ಸಿಕ್ಕಿದ್ದು ಮಾತ್ರ ಆ ಧ್ವನಿಯಿಂದಲ್ಲ. ನಾನು ಗಡಹಿಂಗ್ಲಜದಿಂದ ಚಿಕ್ಕಪ್ಪನ ಮನೆಗೆ ಬಂದು ಶೆಡ್ಡಿನಲ್ಲಿ ಕಾಂಡಿ ತುಂಬುವ ಕೆಲಸಕ್ಕೆ ಸೇರಿದ್ದೆ. ಕಾಂಡಿ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಕಡ್ಡಿ. ಶೆಡ್ಡಿನಲ್ಲಿ ಮಗ್ಗಗಳೆಲ್ಲ ಒಮ್ಮೆಲೇ ಖಟಾಖಟ್ ಹೊಡೆದುಕೊಳ್ಳುವಾಗ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳದು. ಹೀಗಾಗಿ ಶೆಡ್ಡಿನ ಮಂದಿ ಬೇರೆ ರೀತಿ ಮಾತಾಡುತ್ತಾರೆ. ತುಟಿ ನೋಡಿ ತಿಳಿದುಕೊಳ್ಳುತ್ತಾರೆ, ಕೈಯಲ್ಲಿ ಹೇಳುತ್ತಾರೆ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ. ಹೆಬ್ಬೆರಳು ತಿರುವಿದರೆ ಕಾಂಡಿ ಬೇಕು. ಹರಿದ ಎಳೆಗೆ ಗಂಟು ಹಾಕಿದ ಮೇಲೆ ಎರಡು ಬೆರಳು ಚಿವುಟಿ ಜಗ್ಗಿ ತೋರಿಸಿದರೆ ಗಂಟು ಗಟ್ಟಿಯಾಗಿದೆ, ತಡೆಯುತ್ತದೆ. ಮುಷ್ಟಿಯನ್ನು ಮುಂದಕ್ಕೆ ನೂಕಿದರೆ, ಹ್ಯಾಂಡಲ್ ನೂಕು, ಮಗ್ಗ ಚಾಲೂ ಮಾಡು.

ಹೊಸದರಲ್ಲಿ ಒಂದು ದಿನ ನನ್ನ ಯಂತ್ರದಲ್ಲಿ ನೂಲೆಲ್ಲ ಸಿಕ್ಕು ಬಿದ್ದು ಶೆಡ್ಡಿನ ಮೇಲ್ವಿಚಾರಕ ಮುಕಾದಮ ಬಾಯಿಗೆ ಬಂದಂತೆ ಬೈದ. ಬೈದದ್ದು ಕೇಳಿಸಲಿಲ್ಲ, ತುಟಿ ಓದಲು ಅಷ್ಟರಲ್ಲೇ ಕಲಿತುಬಿಟ್ಟಿದ್ದೆನಲ್ಲ, ಅದರಿಂದ ತಿಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತ ಕೂತೆ. ಆಚೆಯ ಸಾಲಿನ ಮಗ್ಗದಿಂದ ಯಾರೋ ಒಬ್ಬ ಕೈ ಬೀಸಿ ನನ್ನ ಗಮನ ಸೆಳೆದು, ಮುಷ್ಟಿ ಮುಂದಕ್ಕೆ ನೂಕಿದ. ಚಾಲೂ ಮಾಡು. ಅಬ್ಬಾ, ಎಂಥ ಸಿಟ್ಟು ಬಂತು ನನಗೆ! ಇವನ್ಯಾವ ದೊಡ್ಡಸ್ತಿಕೆಯವ ಎಂದು ಹಲ್ಲು ಕಚ್ಚಿ ಸಿಕ್ಕು ಬಿಡಿಸಿ ಯಂತ್ರ ಚಾಲೂ ಮಾಡಿದೆ. ಮುಂದಿನ ವರ್ಷ ಅವನನ್ನೇ ಮದುವೆಯಾದೆ.

ಹೋದ ವರ್ಷ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬುವ ಹೊತ್ತಿಗೆ ಆ ಧ್ವನಿ ಒಡೆಯಿತು. ಮೊದಮೊದಲು ಥಂಡಿ ಎಂದುಕೊಂಡೆವು. ಶುಂಠಿ, ಜ್ಯೇಷ್ಠಮಧು, ಬಿಸಿನೀರು ಎಲ್ಲ ಆಯಿತು. ಮೂಗಿನಲ್ಲಿ ಗಾಳಿ ಹೋಗುವ ಹಾಗೆ ಪಿಸುಗುಡುವ ಮಟ್ಟಕ್ಕೆ ಬಂದಾಗ ನಾನೇ ಕೊರಳಪಟ್ಟಿ ಹಿಡಿದು ಕೊಲ್ಲಾಪುರದ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ದೊಡ್ಡ ಡಾಕ್ಟರು ಹೆಂಗಸು. ಗಂಟಲೊಳಗಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಊದಿದ್ದು ಇಳಿಯಲೆಂದು ಗುಳಿಗೆ ಕೊಟ್ಟರು. ವರದಿ ಬಂದ ದಿನ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮುಚ್ಚುಮರೆ ಇಲ್ಲದೆ ಹೇಳಿದರು. ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಇದೆ. ಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು. ಕುತ್ತಿಗೆಯಲ್ಲಿ ಒಂದು ತೂತು ಬರುತ್ತದೆ, ಇನ್ನು ಮುಂದೆ ಉಸಿರು ಅಲ್ಲಿಂದಲೇ. ಈಗ ಮಾಡಿಸಿದರೆ ಜೀವ ಉಳಿಯುತ್ತದೆಂಬ ಭರವಸೆ ಇದೆ, ತಡ ಮಾಡಬೇಡಿ.

"ಮಾತು?" ಎಂದರು ಇವರು.

"ಈ ಧ್ವನಿ ಇರೂದಿಲ್ಲ. ಮುಂದ ಒಂದ ಮಶೀನ ಕೊಡ್ತೇವಿ, ಗಂಟಲಿಗಿ ಹಚ್ಚಿ ಮಾತಾಡ್ಬೇಕು. ಎಲ್ಲಾರಿಗೂ ಅದು ಒಗ್ಗೂದಿಲ್ಲ" ಎಂದು ಡಾಕ್ಟರು ಕನ್ನಡದಲ್ಲೇ ಹೇಳಿದರು, ನಮ್ಮ ಕಡೆಯವರೇ ಇರಬೇಕು.

ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ಹಾತಕಣಂಗಲೆ ದಾಟಿದ ಮೇಲೆ ನನ್ನ ಕಿವಿಯ ಹತ್ತಿರ ಬಂದು, "ನಾ ಮಾಡಿಸ್ಕೊಳ್ಳೂದಿಲ್ಲ. ದೇವರು ನನಗ ಕೊಟ್ಟಿದ್ದ ಅದೊಂದ. ಅದನ್ನ ಕೊಯ್ಸಿ ಒಗದು ಬರೇ ಉಸಿರಾಡ್ಕೋತ ಕುಂತ್ರ ಯಾರಿಗಿ ಏನ್ ಉಪಯೋಗ?" ಎಂದರು.

"ನನಗ ಉಪಯೋಗ ಐತಿ" ಎಂದೆ. ಇವರು ಮತ್ತೆ ಕಿಟಕಿಯ ಕಡೆ ತಿರುಗಿದರು.

ಸುದ್ದಿ ತಿಳಿದು ಸಭೆಯೆಲ್ಲ ನಮ್ಮ ಮನೆಗೆ ಬಂತು. ಸಭೆ ನಡೆಸುವ ಗುರುಗಳನ್ನು ನಾವು ಪಾಳಕರು ಎನ್ನುತ್ತೇವೆ. ಪಾಳಕರು ಉಪವಾಸ ಪ್ರಾರ್ಥನೆ ಇಡಿಸಿದರು. ಹೆಂಗಸರು ಪಾಳಿ ಹಚ್ಚಿ ಮೊಣಕಾಲೂರಿದರು. ಅವರ ಪ್ರೀತಿಯಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ, ಇವತ್ತಿಗೂ ನಾನದನ್ನು ಆಣೆ ಮಾಡಿ ಹೇಳುತ್ತೇನೆ. ಆದರೆ ನಮ್ಮ ಸಭೆಯಲ್ಲಿ ಒಂದು ರೂಢಿ ಇದೆ. ಬೇಡಿಕೊಂಡದ್ದು ಕೈಗೆ ಬರುವ ಮೊದಲೇ ಬಂದಿತೆಂದು ನಂಬಿ ದೇವರಿಗೆ ಉಪಕಾರ ಹೇಳುವುದು. ಅದಕ್ಕೆ ಉಪಕಾರಸ್ತುತಿ ಎನ್ನುತ್ತಾರೆ. ಒಂದು ಸಲ ಉಪಕಾರಸ್ತುತಿ ಆಯಿತೆಂದರೆ ಆಮೇಲೆ "ಇನ್ನೂ ಆರಾಮಿಲ್ಲ" ಎನ್ನಬಾರದು. ಅಂದರೆ ಅದು ದೇವರನ್ನೇ ನಂಬದ ಮಾತಾಗುತ್ತದೆ. ಮಗನಿಗೆ ಕೆಲಸ ಸಿಗಲಿ, ಸೊಸೆಗೆ ಮಗುವಾಗಲಿ ಎಂಬುದಕ್ಕೆಲ್ಲ ಹೀಗೆ ಮಾಡಿದ್ದೇವೆ, ಎಷ್ಟೋ ಸಲ ಆಗಿಯೂ ಇದೆ.

ಆ ಗುಳಿಗೆಯಿಂದ ಊತ ಇಳಿಯಿತೋ ಏನೋ, ಉಪವಾಸದ ಕೊನೆಯ ದಿನ ಇವರ ಧ್ವನಿ ಸ್ವಲ್ಪ ಬಿಟ್ಟಿತು. ಅಷ್ಟೇ ಸಾಕಾಯಿತು. ಜನ ಅತ್ತರು, ಚಪ್ಪಾಳೆ ತಟ್ಟಿದರು. ಮುಂದಿನ ರವಿವಾರ ಉಪಕಾರಸ್ತುತಿ ಆಯಿತು, ಪೇಢೆ ಹಂಚಿದರು. ನಾನೂ ಬಾಯಿ ತೆರೆದು ಪೇಢೆ ತಿಂದೆ. ಬೇಡವೆನ್ನಲು ನನಗೇನು ಹುಚ್ಚೇ? ಗಂಡ ಬದುಕಿದನೆಂದು ಊರೇ ಹೇಳುವಾಗ ಯಾವ ಹೆಂಡತಿ ಇಲ್ಲವೆನ್ನುತ್ತಾಳೆ?

ಆಮೇಲೆ ಪ್ರತಿ ರವಿವಾರ ಪಾಳಕರು ಇವರನ್ನು ಮುಂದೆ ಕರೆಯುವರು, ಸಾಕ್ಷಿ ಹೇಳಿಸುವರು. ಇವರು ನಿಂತು "ಆರಾಮ ಅದೇನಿ, ದೇವರ ದಯಾ" ಎನ್ನುವರು. ಆ ಒಡಕು ಧ್ವನಿಯ ಎರಡು ಮಾತು ಕೇಳಿ ಮಂದಿ ಕಣ್ಣೊರೆಸಿಕೊಳ್ಳುವರು. ಹಿಂದಿನ ಸಾಲಿನಲ್ಲಿ ಕೂರುವ ಟಿಬಿ ಆದ ಒಬ್ಬ ಹೆಣ್ಣುಮಗಳು ಬೇಸತ್ತು ಗುಳಿಗೆ ಬಿಟ್ಟಿದ್ದವಳು, ಇವರ ಸಾಕ್ಷಿ ಕೇಳಿ ಮತ್ತೆ ಶುರು ಮಾಡಿದಳು. ಕೊಲ್ಲಾಪುರಕ್ಕೆ ಹೋಗುವ ಮಾತು ನಾನು ತೆಗೆದರೆ, "ಈಗ ಹ್ಯಾಂಗ ಹೋಗೂದು?" ಎಂದು ಇವರು ನನ್ನನ್ನೇ ಕೇಳುವರು. ದಿನ ಹೋಗುತ್ತಲೇ ಇದ್ದವು. ಜಡ್ಡು ಹೋಗಿಲ್ಲವೆಂದು ಬಾಯಿಬಿಟ್ಟು ಹೇಳಲು ನನಗೂ ಧೈರ್ಯ ಸಾಲಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಇಬ್ಬರೂ ಗಡಹಿಂಗ್ಲಜಕ್ಕೆ, ನಮ್ಮವ್ವನ ಹತ್ತಿರ ಹೋದೆವು. ಅವ್ವ ಜೋಳದ ರೊಟ್ಟಿ ಬಡಿದಿದ್ದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಇವರು "ಭಾಳ ರುಚಿ ಆಗೇದ ನೋಡ್ರಿ ಅತ್ತಿ" ಎಂದು ಹೊಗಳುತ್ತ ಎರಡು ರೊಟ್ಟಿ ಹಾಕಿಸಿಕೊಂಡರು. ನನಗೆ ಎಷ್ಟು ಹಾಯೆನಿಸಿತು! ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಅವರ ಅಂಗಿ ಒಗೆಯಲು ಕೂತೆ. ಕಿಸೆಯಲ್ಲಿ ಕರವಸ್ತ್ರದ ಗಂಟು ಸಿಕ್ಕಿತು. ಬಿಚ್ಚಿದೆ. ಅಗಿದು ಅಗಿದು ನುಂಗಲಾಗದೆ ಉಗುಳಿದ ರೊಟ್ಟಿ. ಎರಡು ರೊಟ್ಟಿಯೂ ಅಲ್ಲಿಯೇ ಇತ್ತು. ಅಲ್ಲಲ್ಲಿ ರಕ್ತದ ಎಳೆ.

ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟೆ. ಪಕ್ಕದಲ್ಲಿ ಪಾತ್ರೆ ತಿಕ್ಕುತ್ತಿದ್ದ ಅವ್ವ ಬಂದು ನೋಡಿದಳು. ನಾನು ಎಲ್ಲ ಹೇಳಿದೆ, ಉಪವಾಸ, ಪೇಢೆ, ಸಾಕ್ಷಿ ಎಲ್ಲ. ಅವ್ವ ಆ ಕರವಸ್ತ್ರವನ್ನು ಮತ್ತೆ ಗಂಟು ಕಟ್ಟಿ ನನ್ನ ಮುಂದಿಟ್ಟಳು.

"ಕೂಸ ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸೀರಿ" ಎಂದಳು ಆಮೇಲೆ. "ಈಗ ಕುಲಾಯಿ ಸಣ್ಣದಾತಂತ ಕೂಸಿನ ತಲೀನ ಕೊಯ್ಯಾಕತ್ತೀರಿ. ಅಂವ ಮಂದಿಗಿ ಧೀರ ಕೊಡ್ಕೋತ ಸಾಯ್ತಾನ. ನೀ ನೋಡ್ಕೋತ ಕೂಡ್ತೀಯೇನು?"

ಆ ರವಿವಾರ ಪಾಳಕರು ಎಂದಿನಂತೆ ಇವರನ್ನು ಸಾಕ್ಷಿಗೆ ಕರೆದರು. ಇವರು ಏಳುವ ಮೊದಲೇ ನಾನು ಎದ್ದೆ. ನಮ್ಮ ಸಭೆಯಲ್ಲಿ ಹೆಂಗಸರು ಸಾಕ್ಷಿ ಹೇಳುವುದುಂಟು, ಆದರೆ ಕರೆಯದೆ ಏಳುವುದಿಲ್ಲ. ಮರಾಠಿಯಲ್ಲಿ ಶುರು ಮಾಡಿದೆ, ಆದರೆ ಸಿಟ್ಟು ಬಂದರೆ ನನಗೆ ಬರುವುದು ಕನ್ನಡ ಒಂದೇ.

"ಇವರಿಗಿ ಆರಾಮಿಲ್ಲ" ಎಂದೆ. "ನುಂಗಾಕ ಬರವಲ್ದು. ರಕ್ತಾ ಬರ್ತೈತಿ. ನಿಮ್ಮ ವಿಶ್ವಾಸ ಮುರೀಬಾರ್ದಂತ ರೊಟ್ಟಿ ಕಿಸೇದಾಗ ಮುಚ್ಚಿ ಇಟ್ಕೊಳ್ಳಾಕತ್ತಾರ. ನೀವು ಇವರಿಗಿ ಧೀರ ಕೊಡ್ರಿ ಅಂದ್ರ ಇವರ ಕಡಿಂದ ಧೀರ ತೊಗೊಂಡ ಹೋಗಾಕತ್ತೀರಿ! ಇನ್ನ ಎಷ್ಟ ತೊಗೋತೀರಿ? ಮನಶಾ ಮುಗದ ಹೋಗಾಕತ್ತಾನ!"

ನನ್ನ ಧ್ವನಿ ಪತ್ರಾಸಿಗೆ ಬಡಿದು ನನಗೇ ಕೇಳಿಸಿತು. ಹಿಂದಿನ ಸಾಲಿನ ಆ ಟಿಬಿಯ ಹೆಣ್ಣುಮಗಳು ಸೆರಗು ಮುಖಕ್ಕೆ ಮುಚ್ಚಿಕೊಂಡಳು. ಪಾಳಕರು ಕೈಯಲ್ಲಿದ್ದ ಕನ್ನಡಕವನ್ನು ಹಾಕಿಕೊಂಡರು, ಮತ್ತೆ ತೆಗೆದರು. ಇವರು ತಲೆ ತಗ್ಗಿಸಿ ಹೊರಗೆ ಹೋದರು.

ಮನೆಗೆ ಬಂದ ಮೇಲೆ ಇವರಿಗೆ ಬಂದಂಥ ಸಿಟ್ಟನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕೂಗಲು ಧ್ವನಿ ಇಲ್ಲ. ಪಿಸುಗುಟ್ಟುತ್ತಲೇ ಬೈದರು. "ಸಭಾದಾಗ ನನ್ನ ಸುಳ್ಳ ಮನಶಾ ಮಾಡಿದಿ. ಆಕಿ ಗುಳಗಿ ಬಿಟ್ರ? ಆಕಿ ಸತ್ರ? ನಿನ್ನ ಕೊರಳಿಗಿ ಬರ್ತೈತಿ."

"ಬರ್ಲಿ. ನೀವು ಸತ್ರ ಯಾರ ಕೊರಳಿಗಿ?"

"ನಾ ಸತ್ರ ಸ್ವರ್ಗಕ್ಕ ಹೋಗ್ತೀನಿ."

"ಹೋಗ್ರಿ, ಹೋಗ್ರಿ! ಅಲ್ಲೆ ಯಾರೂ ಬಿದ್ದವರ ಇಲ್ಲ, 'ಏಳ' ಅನ್ನಾಕ! ಕೈ ಕಟ್ಕೊಂಡ ಕುಂದರ್ರಿ!" ಎಂದು ತಟ್ಟೆ ಎತ್ತಿ ಒಗೆದೆ.

ಎರಡು ದಿನ ಮಾತಿಲ್ಲ. ಎರಡನೆಯ ದಿನ ಸಂಜೆ ಪಾಳಕರು ಬಂದು ಬಾಗಿಲಲ್ಲೇ ನಿಂತು, "ಅಕ್ಕಾರ, ನಮಗ ಬ್ಯಾರೆ ಏನ ಗೊತ್ತಿತ್ರಿ? ಹಿಂಗ ಪ್ರಾರ್ಥನಾ ಮಾಡೂದೊಂದ ಗೊತ್ತಿತ್ತು. ಕೊಲ್ಲಾಪುರಕ್ಕ ನಾನೂ ಬರ್ತೀನಿ" ಎಂದು ಅತ್ತರು. ಅವರನ್ನು ಬೈಯಲು ಬಾಯಿ ಬರಲಿಲ್ಲ. ಇವರು ಒಳಗಿನಿಂದ ಹೊರಗೇ ಬರಲಿಲ್ಲ. ಪ್ರಾರ್ಥನೆ ಮಾಡೋಣವೆಂದರೆ ನನ್ನ ಬಾಯಲ್ಲಿ ಪ್ರಾರ್ಥನೆಯ ಬದಲು ಜಗಳ ಬರುತ್ತಿತ್ತು. ಏನಪ್ಪಾ, ಊರಿಗೆಲ್ಲ ಧೀರ ಕೊಟ್ಟವನಿಗೆ ಕೊಡಲು ನಿನ್ನ ಹತ್ತಿರ ಇಷ್ಟೇ ಇತ್ತೇ, ನಾನೇ? ಬೈಯುವುದಷ್ಟೇ ಗೊತ್ತಿರುವ ನಾನೇ? ಹೀಗೆಂದು ಒಲೆಯ ಮುಂದೆ ಕೂತು ದೇವರನ್ನು ತರಾಟೆಗೆ ತೆಗೆದುಕೊಂಡೆ.

ಮೂರನೆಯ ದಿನ ಇವರು ಕೆಲಸಕ್ಕೆ ಹೋದರು, ಊಟದ ಡಬ್ಬಿ ಬಿಟ್ಟು. ಬೇಕೆಂದೇ ಬಿಟ್ಟಿದ್ದರು, ನುಂಗಲು ಬರದಿದ್ದ ಮೇಲೆ ಡಬ್ಬಿ ಯಾಕೆ? ನಾನು ಅಂಬಲಿ ಕಾಯಿಸಿ ಕಿಟ್ಲಿಯಲ್ಲಿ ಹಾಕಿಕೊಂಡು ಯಡ್ರಾವಕ್ಕೆ ನಡೆದೆ. ಮದುವೆಯಾದ ಮೇಲೆ ಶೆಡ್ಡಿನ ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲು ದಾಟಿದ್ದೇ ಆ ಗದ್ದಲ ಎದೆಗೆ ಬಡಿಯಿತು. ಹತ್ತಿಯ ನಾರು ಹಾರುತ್ತಿತ್ತು. ಇವರು ತಮ್ಮ ಮಗ್ಗಗಳ ನಡುವೆ ಬಾಗಿ ಹರಿದ ಎಳೆ ಹುಡುಕುತ್ತಿದ್ದರು. ಎದುರು ಸಾಲಿನ ಬಿಹಾರಿ ಇವರತ್ತ ಏನೋ ತುಟಿಯಾಡಿಸಿದ, ಇವರು ಅಷ್ಟೇ ಸದ್ದಿಲ್ಲದೆ ಏನೋ ಹೇಳಿದರು, ಅವನು ನಕ್ಕ.

ಅದನ್ನು ನೋಡಿದ್ದೇ ನನಗೆ ಬುದ್ಧಿ ಬಂತು.

ಮುಂದೆ ಹೋಗಿ ಇವರ ಎದುರು ನಿಂತೆ. ಕೂಗಲಿಲ್ಲ. ಬರೀ ತುಟಿಯಲ್ಲಿ ಹೇಳಿದೆ. "ಇಲ್ಲೆ ಯಾರಿಗಿ ಬೇಕ್ರಿ ನಿಮ್ಮ ಧ್ವನಿ?"

ಇವರು ನನ್ನ ತುಟಿಯನ್ನೇ ನೋಡುತ್ತಿದ್ದರು.

"ಇಷ್ಟ ವರ್ಷ ಇಲ್ಲೆ ನೀವು ಯಾರಿಗೂ ಧೀರ ಕೊಟ್ಟಿಲ್ಲೇನು? ನಾ ಅಳ್ಕೋತ ಕುಂತಾಗ ಯಾವ ಧ್ವನೀಲೆ ನನ್ನ ಎಬ್ಬಿಸಿದ್ರಿ? ನಿಮ್ಮ ಧ್ವನಿ ಹ್ಯಾಂಗ ಐತಿ ಅನ್ನೂದು ನನಗ ಶೆಡ್ಡಿನ ಹೊರಗ ಬಂದ ಮ್ಯಾಲೆ ಗೊತ್ತಾತು. ಅದಕ್ಕೂ ಮೊದಲ ನಾ ನಿಮ್ಮ ಮ್ಯಾಲೆ ಮನಸ ಇಟ್ಟಿದ್ದೆ." ನಾಚಿಕೆ ಬಿಟ್ಟು ಹೇಳಿದೆ, ಕಣ್ಣಲ್ಲಿ ನೀರು ಧಾರಾಕಾರ. ಆಮೇಲೆ ನನ್ನ ಮುಷ್ಟಿ ಮುಂದಕ್ಕೆ ನೂಕಿದೆ. ಮತ್ತೊಮ್ಮೆ ನೂಕಿದೆ. ಮತ್ತೂ ನೂಕಿದೆ.

ಇವರು ಕೈಯಲ್ಲಿದ್ದ ಎಳೆಯನ್ನು ಹಾಗೇ ಬಿಟ್ಟು, ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿ, ನನ್ನ ಕೈಯಿಂದ ಕಿಟ್ಲಿ ತೆಗೆದುಕೊಂಡು ಹೊರಗೆ ನಡೆದರು. ಆ ವಾರವೇ ಕೊಲ್ಲಾಪುರಕ್ಕೆ ಹೋಗಿ ಆಪರೇಶನ್ನಿಗೆ ಒಪ್ಪಿಗೆ ಕೊಟ್ಟೆವು. ಪಾಳಕರು ನಮ್ಮ ಜೊತೆ ಬಂದಿದ್ದರು. ಆಪರೇಶನ್ನಿನ ಹಿಂದಿನ ಸಂಜೆ ಇವರು ವಾರ್ಡಿನಲ್ಲಿ ನನ್ನ ಹೆಸರು ಹಿಡಿದು ಕರೆದರು. ನಮ್ಮ ಕಡೆಯ ಗಂಡಸರು ಹೆಂಡತಿಯ ಹೆಸರು ಹಿಡಿಯುವುದು ಕಡಿಮೆ, ಇವರೂ ಅಷ್ಟೇ. ಒಂದೇ ಸಲ ಕರೆದರು. ನಾನು ಓ ಎಂದೆ. ಆ ಧ್ವನಿಯಲ್ಲಿ ಅದೇ ಕೊನೆಯ ಮಾತು.

ಆಪರೇಶನ್ ಆಯಿತು. ಮುಗಿಸಿ ಬಂದ ಡಾಕ್ಟರು ಗಡ್ಡೆ ತೆಗೆದದ್ದಾಗಿ ಹೇಳಿದರು, ಆದರೆ ಕುತ್ತಿಗೆಯ ಗ್ರಂಥಿಗಳಿಗೂ ಹರಡಿದೆ ಎಂದರು. ಮೊದಲ ಸಲ ನೋಡಿದಾಗ ಅಲ್ಲಿ ಇರಲಿಲ್ಲ. ಇನ್ನು ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಬೇಕು, ಆಮೇಲೆ ನೋಡಬೇಕು, ಈಗಲೇ ಏನೂ ಹೇಳಲಾಗದು. ಉಪಕಾರಸ್ತುತಿಯ ಪೇಢೆ ನನ್ನ ಗಂಟಲಲ್ಲಿ ಇವತ್ತಿನವರೆಗೂ ಇಳಿದಿಲ್ಲ.

ಮನೆಗೆ ಬಂದ ಮೇಲಿನ ದಿನಗಳನ್ನು ನೆನೆಯಲು ಈಗಲೂ ಮನಸ್ಸಾಗುವುದಿಲ್ಲ. ಇವರು ಗೋಡೆಯ ಕಡೆ ತಿರುಗಿ ಮಲಗಿದವರು ಏಳಲೇ ಇಲ್ಲ. ಸಭೆಯವರು ನೋಡಲು ಬರುತ್ತಿದ್ದರು. ಮಾತು ಹೋದವರಿಗೆ ಕಿವಿಯೂ ಹೋಗಿರುತ್ತದೆಂದು ಅವರಿಗೆ ಯಾರು ಹೇಳಿದ್ದರೋ, ಎಲ್ಲರೂ ಹಾಸಿಗೆಯ ಹತ್ತಿರ ಬಂದು "ಧೀರ್ ಸೋಡೂ ನಕಾ!", ಧೈರ್ಯ ಬಿಡಬೇಡಿ, ಎಂದು ಬೊಬ್ಬೆ ಹೊಡೆಯುವರು. ಇವರು ತುಟಿಯಾಡಿಸಿದರೆ ಅವರಿಗೆ ತಿಳಿಯದು. ಕೈ ಆಡಿಸಿದರೆ ನೀರು ಕೇಳಿದರೆಂದು ಲೋಟ ತರುವರು. ಡಾಕ್ಟರು ಮಶೀನು ತೋರಿಸಿದ್ದರು, ಅದರಿಂದ ಡಬ್ಬಿಯೊಳಗಿನ ಧ್ವನಿ ಬಂತು. ಇವರು ಅದನ್ನು ಆಚೆ ಸರಿಸಿದರು.

ಒಂದು ಮಧ್ಯಾಹ್ನ ನನ್ನ ಕಡೆ ತಿರುಗಿ ನಿಧಾನವಾಗಿ ತುಟಿಯಾಡಿಸಿದರು. "ನೀ ನನಗ ಮೋಸಾ ಮಾಡಿದಿ. ಶೆಡ್ಡಿನ ಹೊರಗ ಆ ಮಾತ ಯಾರಿಗಿ ತಿಳೀತೈತಿ?"

ನಿಜವನ್ನೇ ಅಂದಿದ್ದರು. ಶೆಡ್ಡಿನಲ್ಲಿ ನಿಂತು ಅಷ್ಟು ಚೆಂದದ ಮಾತಾಡಿದ ನಾನು ಜಗತ್ತೆಲ್ಲ ಶೆಡ್ಡಲ್ಲ ಎಂಬುದನ್ನು ಮರೆತಿದ್ದೆ. ಜೀವ ಉಳಿಯುತ್ತದೆಂದು ಧ್ವನಿ ಬಿಟ್ಟುಕೊಡಿಸಿದೆ. ಧ್ವನಿ ಹೋಯಿತು, ಜೀವದ ಭರವಸೆಯೂ ಇಲ್ಲ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ. ಇವರು ಸಾಯಲು ಮನಸ್ಸು ಮಾಡಿದ್ದಾರೆಂದು ನನಗೆ ಖಾತ್ರಿಯಾಗಿತ್ತು. ಕರೆಂಟಿಗೆ ದಿನಾ ಕೊಲ್ಲಾಪುರಕ್ಕೆ ಹೋಗಬೇಕಿತ್ತು. ಪ್ರತಿ ಬೆಳಿಗ್ಗೆ ಅವರನ್ನು ಎಬ್ಬಿಸಿ, ಕುತ್ತಿಗೆಯ ತೂತು ಒರೆಸಿ, ಅದರ ಮೇಲೆ ತೆಳು ಬಟ್ಟೆ ಕಟ್ಟಿ, ಬಸ್ಸಿಗೆ ಏರಿಸುವುದು ಒಂದು ಯುದ್ಧ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲೇ ಕೂತುಬಿಟ್ಟರು. ನಾನು ಅಷ್ಟು ಜನರ ಮುಂದೆ ಬೈದು ಎಬ್ಬಿಸಿದೆ. ಜನ ನನ್ನನ್ನು ಎಂಥ ಗಯ್ಯಾಳಿ ಎಂದುಕೊಂಡರೋ.

ಹಾಗೆ ಬೈದು ಕರೆದುಕೊಂಡು ಹೋದ ದಿನವೇ ಅದು. ಆಸ್ಪತ್ರೆಯಲ್ಲಿ ಮರದ ಬಾಕಿನ ಮೇಲೆ ಕೂತು ನಮ್ಮ ಸರದಿಗೆ ಕಾಯುತ್ತಿದ್ದೆವು. ಎದುರು ಬಾಕಿನಲ್ಲಿ ಒಬ್ಬ ಕುರುಬ, ಹೆಗಲ ಮೇಲೆ ಕಂಬಳಿ, ಪಕ್ಕದಲ್ಲಿ ಹೆಂಡತಿ. ನೇಸರಿಯ ಕಡೆಯವರು, ಕನ್ನಡ ಆಡುತ್ತಿದ್ದರು. ಅವನ ಧ್ವನಿ ಕೇಳಿ ನಾನು ತಲೆಯೆತ್ತಿ ನೋಡಿದೆ. ಅದೇ ಒಡಕು, ಅದೇ ಗಾಳಿ. ಹೆಂಡತಿ ಕೈಮುಗಿದು ಬೇಡುತ್ತಿದ್ದಳು, ಅವನು ಒಲ್ಲೆನೆಂದು ತಲೆಯಾಡಿಸುತ್ತಿದ್ದ.

"ಆಪರೇಶನ್ ಬ್ಯಾಡಂದ್ನಲ್ಲ. ಧ್ವನಿ ಹೋದ್ರ ಕುರಿ ಹ್ಯಾಂಗ ಕರೀಲಿ? ಧ್ವನಿ ಹಿಡದ ಬರ್ತಾವ ಅವು. ನಡಿ ಊರಿಗಿ ಹೋಗೂಣು." ಅವನು ಕಂಬಳಿ ಸರಿಮಾಡಿಕೊಂಡು ಎದ್ದ. ಹೆಂಡತಿ ಅವನ ಕೈ ಹಿಡಿದು ಜಗ್ಗಿದಳು. ಅವನು ಬಿಡಿಸಿಕೊಂಡು ಬಾಗಿಲ ಕಡೆ ನಡೆದ.

ಫಟ್ ಫಟ್ ಎಂದು ಎರಡು ಚಪ್ಪಾಳೆ ಕೇಳಿತು. ಅವನು ತಿರುಗಿ ನೋಡಿದ.

ಚಪ್ಪಾಳೆ ತಟ್ಟಿದ್ದು ಇವರು. ಎಷ್ಟು ದಿನಗಳ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು! ಕುತ್ತಿಗೆಯ ಬಟ್ಟೆ ಸರಿಸಿ ಅವನಿಗೆ ತೂತು ತೋರಿಸಿದರು. ಆಮೇಲೆ ತುಟಿಯಾಡಿಸಿದರು. ಕುರುಬನಿಗೆ ಒಂದೂ ತಿಳಿಯಲಿಲ್ಲ.

"ಏನಂತಾರ್ರಿ ಅಕ್ಕಾ ಇವರು?" ಎಂದು ಅವನ ಹೆಂಡತಿ ನನ್ನನ್ನು ಕೇಳಿದಳು.

ನಾನು ಇವರ ತುಟಿ ಓದಿ ಹೇಳಿದೆ. "ಅವರು ಅಂತಾರ, ನೋಡಪಾ, ನಾ ಚಪ್ಪಾಳಿ ಬಡದೆ, ನೀ ಹೊಳ್ಳಿ ನೋಡಿದಿ. ಇಷ್ಟ ದೊಡ್ಡ ಮನಶಾ ನೀ ಹೊಳ್ಳಿ ನೋಡಿದಿ ಅಂದ್ರ, ನಿನ್ನ ಕುರಿ ನೋಡೂದಿಲ್ಲೇನು? ನಾಕ ದಿನಾ ತಡಾ ಮಾಡ್ತಾವ. ಕಲೀತಾವ."

ಅವನು ಅಲ್ಲೇ ನಿಂತ. ಇವರು ಮುಷ್ಟಿಯನ್ನು ಮುಂದಕ್ಕೆ ನೂಕಿದರು.

"ಇದೇನ್ರಿ?"

"ಚಾಲೂ ಮಾಡಂತಾರ. ಮಗ್ಗಾ ನಡಸವ್ರ ಮಾತ ಇದು. ಎಳಿ ಹರದ್ರ ಮಗ್ಗಾ ಬಿಟ್ಟ ಹೋಗೂದಿಲ್ಲ, ಗಂಟ ಹಾಕಿ ಚಾಲೂ ಮಾಡೂದು" ಎಂದೆ. ಹೇಳುತ್ತ ಹೇಳುತ್ತ ನನ್ನ ಸ್ವಂತ ಸಿಟ್ಟೂ ಸೇರಿಕೊಂಡಿತು. "ಮತ್ತ ತಡಾ ಮಾಡಬ್ಯಾಡ ತಮ್ಮಾ! ನಾವು ತಡಾ ಮಾಡಿದ್ವಿ. ಕೂಡ ಅಲ್ಲೆ, ಬಾಕಿನ ಮ್ಯಾಲೆ!"

ಕುರುಬ ಬಂದು ಕೂತ. ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡ.

ಆಗ ಅವನ ಹೆಂಡತಿ ನನ್ನ ಮೊಣಕೈ ಹಿಡಿದಳು. ಕಣ್ಣಲ್ಲಿ ಜೀವ ತುಂಬಿಕೊಂಡು ಕೇಳಿದಳು. "ಅಕ್ಕಾ, ನಿಮ್ಮವರು ಪೂರಾ ಆರಾಮ ಆಗ್ಯಾರಲ್ರಿ?"

ಇವರು ಪಕ್ಕದಿಂದ ನನ್ನ ತುಟಿಯನ್ನೇ ನೋಡುತ್ತಿದ್ದರು. ಹೌದವ್ವಾ, ಆರಾಮ ಆಗ್ಯಾರ ಎಂದುಬಿಟ್ಟರೆ ಆ ಹುಡುಗಿಗೆ ಎಷ್ಟು ಸಮಾಧಾನವಾಗುತ್ತಿತ್ತು! ಸಭೆಯವರಿಗೆ ಇವರು ಅಷ್ಟು ದಿನ ಅದನ್ನು ಯಾಕೆ ಹೇಳುತ್ತಿದ್ದರೆಂಬುದು ನನಗೆ ಆಗ ತಿಳಿಯಿತು.

"ಗೊತ್ತಿಲ್ಲ ತಂಗಿ" ಎಂದೆ. "ಉಳೀತಾರೋ ಇಲ್ಲೋ ನನಗ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ನನಗ ಭಾಳ ಅಂಜಿಕಿ ಆಗ್ತೈತಿ. ಆದ್ರ ಇವತ್ತ ಬಂದೇವಿ. ನಾಳೆನೂ ಬರ್ತೇವಿ. ನೀನೂ ಕರ್ಕೊಂಡ ಬಾ, ನಾ ಇಲ್ಲೇ ಇರ್ತೀನಿ."

ಅವಳು ನನ್ನ ಹೆಗಲಿಗೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಾನು ಅವಳ ಬೆನ್ನು ಸವರುತ್ತ, ಅಳುಕುತ್ತ ಇವರ ಕಡೆ ನೋಡಿದೆ. ನನಗೆ ಧೀರ ಕೊಡಲು ಬರುವುದಿಲ್ಲ, ಎಂಥ ಮಾತು ಆಡಿದೆನೋ ಎಂದು ಹೆದರಿದ್ದೆ.

ಇವರ ಕಣ್ಣು ತುಂಬಿತ್ತು. ಕೈ ಎತ್ತಿ, ಹೆಬ್ಬೆರಳೂ ತೋರುಬೆರಳೂ ಚಿವುಟಿ ಕೂಡಿಸಿ, ಗಾಳಿಯಲ್ಲಿ ಒಮ್ಮೆ ಜಗ್ಗಿ ತೋರಿಸಿದರು. ಗಂಟು ಗಟ್ಟಿಯಾಗಿದೆ.

ಅಷ್ಟರಲ್ಲಿ ಒಳಗಿನಿಂದ ಇವರ ಹೆಸರು ಕರೆದರು. ಆ ದಿನ ನಾನು ಎಬ್ಬಿಸಬೇಕಾಗಲಿಲ್ಲ.